ಮಂಡಿಪೇಟೆಯ ಬೋರ್ಡಿನಿಂದ ಕಂಪನಿ ಕಾನೂನಿಗೆ: ಸ್ವತ್ತು, ಸಾಲ, ಸಹಿ

ಕಂಪನಿ ಕಾನೂನಿನ ಪುಸ್ತಕ ತೆರೆಯುವ ಮೊದಲು ಒಂದು ನೋಟ್‌ಬುಕ್ ಹಿಡಿದು ದಾವಣಗೆರೆಯ ಮಂಡಿಪೇಟೆಯಲ್ಲೋ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆಯೋ ಒಂದು ತಾಸು ಅಡ್ಡಾಡಿ ಬನ್ನಿ. ಇಪ್ಪತ್ತು ಬೋರ್ಡು ಬರೆದುಕೊಳ್ಳಿ, ಹೆಸರಿನ ಬಾಲ ಬಿಡದಂತೆ. ‘ಅಂಡ್ ಸನ್ಸ್’, ‘ಅಂಡ್ ಕೋ’, ‘ಟ್ರೇಡರ್ಸ್’, ‘ಎಲ್‌ಎಲ್‌ಪಿ’, ‘ಪ್ರೈವೇಟ್ ಲಿಮಿಟೆಡ್’, ‘ಸಹಕಾರ ಸಂಘ ನಿ.’, ‘ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್’. ಮೊದಲ ಯೂನಿಟ್ಟಿನಲ್ಲಿ ಪಾಠ ಮಾಡುವ ವ್ಯವಹಾರ ರೂಪಗಳು ಹೆಚ್ಚೂಕಡಿಮೆ ಈ ಬಾಲಗಳಲ್ಲೇ ಇವೆ.

ಆಮೇಲೆ ಪ್ರತಿ ಬೋರ್ಡಿನ ಎದುರು ಮೂರು ಪ್ರಶ್ನೆ ಬರೆಯಿರಿ. ಒಳಗಿರುವ ಸರಕು ಯಾರ ಸ್ವತ್ತು? ವ್ಯಾಪಾರ ಮುಳುಗಿದರೆ ಸಾಲ ಯಾರ ತಲೆಗೆ? ಕರಾರಿಗೆ ಸಹಿ ಹಾಕುವವರು ಯಾರು, ಯಾರ ಪರವಾಗಿ? ಸ್ವತ್ತು, ಸಾಲ, ಸಹಿ. ಈ ಮೂರಕ್ಕೆ ಉತ್ತರ ಹೇಳಲು ಬಂದವರಿಗೆ ಸೆಕ್ಷನ್ ನಂಬರು ತಾನಾಗಿ ನೆನಪಿಗೆ ಅಂಟುತ್ತದೆ. ನಂಬರಿನಿಂದಲೇ ಶುರುಮಾಡಿದವರಿಗೆ ಪರೀಕ್ಷೆ ದಿನ ನಂಬರು ಮರೆತರೆ ಹಿಡಿದುಕೊಳ್ಳಲು ಬೇರೆ ಕೊಂಬೆಯೇ ಇರುವುದಿಲ್ಲ.

ಬೋರ್ಡು ಓದುವಾಗ ಎಡವುವ ಜಾಗಗಳು

‘ಅಂಡ್ ಕೋ’ ಎಂದಿದ್ದರೆ ಅದು ಕಂಪನಿ ಅಲ್ಲ. ಬಹುತೇಕ ಪಾಲುದಾರಿಕೆ ಫರ್ಮು, ಕೆಲವೊಮ್ಮೆ ಒಬ್ಬನದೇ ಅಂಗಡಿ. ‘ಸನ್ಸ್’ ಎಂದಿದ್ದರೆ ಒಬ್ಬನ ವ್ಯಾಪಾರ, ಹಿಂದೂ ಅವಿಭಕ್ತ ಕುಟುಂಬದ ವ್ಯಾಪಾರ, ಪಾಲುದಾರಿಕೆ ಮೂರೂ ಆಗಬಹುದು, ಬೋರ್ಡು ಹೇಳುವುದಿಲ್ಲ. ಪಾಲುದಾರಿಕೆ ಒಪ್ಪಂದದಿಂದ ಹುಟ್ಟುತ್ತದೆ, ಹುಟ್ಟಿನಿಂದ ಬರುವುದಿಲ್ಲ ಎಂದು 1932ರ ಪಾಲುದಾರಿಕೆ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಅಪ್ಪನ ಮಂಡಿಯಲ್ಲಿ ಮಗ ಗಲ್ಲೆಯ ಮೇಲೆ ಕೂತ ಮಾತ್ರಕ್ಕೆ ಪಾಲುದಾರ ಆಗುವುದಿಲ್ಲ.

ಅತಿ ಹೆಚ್ಚು ಜನ ಬೀಳುವ ಗುಂಡಿ ‘ನಿ.’ ಅಥವಾ ‘ನಿಯಮಿತ’. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಹೆಸರಿನ ಕೊನೆಗೂ ನಿಯಮಿತ ಇರುತ್ತದೆ. ಲಿಮಿಟೆಡ್ ಎಂದರೆ ಕಂಪನಿ, ನಿಯಮಿತ ಎಂದರೆ ಲಿಮಿಟೆಡ್, ಆದ್ದರಿಂದ ಸಹಕಾರ ಸಂಘವೂ ಕಂಪನಿ ಎಂದು ಲೆಕ್ಕ ಹಾಕಿದರೆ ಉತ್ತರ ಅಲ್ಲೇ ಕೆಟ್ಟಿತು. ಆ ಸಂಘ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದೆ. ‘ಸೌಹಾರ್ದ’ ಎಂದಿದ್ದರೆ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ. ಎರಡಕ್ಕೂ ಕಂಪನಿ ರಿಜಿಸ್ಟ್ರಾರರ ಸಂಬಂಧವಿಲ್ಲ.

ಇನ್ನೊಂದು ಸಂಗತಿ ಬೋರ್ಡಿನಲ್ಲೇ ಸಿಗುತ್ತದೆ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಂಪನಿ ತನ್ನ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸವನ್ನು ಪ್ರತಿ ಕಚೇರಿಯ ಹೊರಗೂ ಹಾಕಬೇಕು, ಊರಿನಲ್ಲಿ ಬಳಕೆಯಲ್ಲಿರುವ ಭಾಷೆಯ ಅಕ್ಷರದಲ್ಲೂ ಇರಬೇಕು. ಅಂದರೆ ದಾವಣಗೆರೆಯಲ್ಲಿ ಕಂಪನಿಯ ಬೋರ್ಡಿಗೆ ಕನ್ನಡ ಬೇಕೆಂದು ಕಂಪನಿ ಕಾಯ್ದೆಯೇ ಹೇಳುತ್ತದೆ. ಬಿಲ್ಲಿನ ಮೇಲೆ 21 ಅಕ್ಷರಗಳ ಗುರುತಿನ ಸಂಖ್ಯೆ, ಅಂದರೆ ಸಿಐಎನ್, ಅಚ್ಚಾಗಿರಬೇಕು. ಮನೆಯಲ್ಲಿರುವ ಯಾವುದಾದರೂ ಕಂಪನಿ ಬಿಲ್ಲು ತೆಗೆದು ಬಿಡಿಸಿ ನೋಡಿ: ಮೊದಲ ಅಕ್ಷರ ‘ಎಲ್’ ಆದರೆ ಷೇರುಪೇಟೆಯಲ್ಲಿ ಇರುವ ಕಂಪನಿ, ‘ಯು’ ಆದರೆ ಇಲ್ಲದ್ದು. ಮುಂದಿನ 5 ಅಂಕಿ ಉದ್ಯಮದ ಸಂಕೇತ, ಆಮೇಲೆ ರಾಜ್ಯದ 2 ಅಕ್ಷರ, ಸ್ಥಾಪನೆಯಾದ ವರ್ಷ 4 ಅಂಕಿ, ನಂತರದ 3 ಅಕ್ಷರ ಕಂಪನಿಯ ಜಾತಿ (ಖಾಸಗಿ ಆದರೆ ಪಿಟಿಸಿ, ಸಾರ್ವಜನಿಕ ಆದರೆ ಪಿಎಲ್‌ಸಿ), ಕೊನೆಯ 6 ನೋಂದಣಿ ಸಂಖ್ಯೆ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯ ದಾವಣಗೆರೆ ಶುಗರ್ ಕಂಪನಿ ಷೇರುಪೇಟೆಯಲ್ಲಿದೆ. ಅದರ ವಾರ್ಷಿಕ ವರದಿ ಯಾರು ಬೇಕಾದರೂ ಓದಬಹುದು. ಸಭೆಯ ನೋಟಿಸು, ವಿಶೇಷ ನಿರ್ಣಯ, ಸ್ವತಂತ್ರ ನಿರ್ದೇಶಕರು ಎಲ್ಲ ಅಲ್ಲಿ ನಿಜರೂಪದಲ್ಲಿ ಕಾಣುತ್ತವೆ. ಗೈಡಿನ ಹತ್ತು ಪುಟಕ್ಕಿಂತ ಅಂಥ ಒಂದು ನೋಟಿಸು ಹೆಚ್ಚು ಕಲಿಸುತ್ತದೆ.

ಯಾವ ಪಠ್ಯಕ್ರಮ, ಯಾವ ಪುಸ್ತಕ

ಬಿ.ಕಾಂ., ಎಂ.ಕಾಂ. ಓದುವವರಿಗೆ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯದ ಪಠ್ಯಕ್ರಮ. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಎಲ್‌ಎಲ್.ಬಿ. ಓದುವವರಿಗೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು. ವಿಷಯ ಒಂದೇ ಆದರೂ ಕೇಳುವ ರೀತಿ ಬೇರೆ. ವಾಣಿಜ್ಯದ ಪತ್ರಿಕೆ ‘ಹೇಗೆ’ ಎಂದು ಕೇಳುತ್ತದೆ: ಸ್ಥಾಪನೆಯ ಹಂತ, ದಾಖಲೆ, ಗಡುವು. ಕಾನೂನಿನ ಪತ್ರಿಕೆ ‘ಯಾಕೆ’ ಎಂದು ಕೇಳುತ್ತದೆ: ತತ್ವ, ತೀರ್ಪು, ಸಮಸ್ಯೆಗೆ ಅನ್ವಯ. ಸ್ನೇಹಿತರ ನೋಟ್ಸು ಎರವಲು ತರುವಾಗ ಇದು ನೆನಪಿರಲಿ.

ಬೇರ್ ಆ್ಯಕ್ಟ್, ಅಂದರೆ ವಿವರಣೆಯಿಲ್ಲದ ಕಾಯ್ದೆಯ ಮೂಲ ಪಾಠ, ಇಲ್ಲದೆ ಈ ವಿಷಯ ಓದಲಾಗದು. ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕಂಪನಿ ಕಾಯ್ದೆಯಲ್ಲಿ 470 ಸೆಕ್ಷನ್, 29 ಅಧ್ಯಾಯ, 7 ಅನುಸೂಚಿ ಎಂದು ನೋಡಿ ಹೆದರಬೇಡಿ. ಪದವಿ ಮಟ್ಟಕ್ಕೆ ಅರುವತ್ತು ಎಪ್ಪತ್ತು ಸೆಕ್ಷನ್ ಗಟ್ಟಿಯಾದರೆ ಸಾಕು. ದಿನಕ್ಕೆ ಮೂರು ಓದಿ, ಜಾಸ್ತಿ ಬೇಡ. ಒಂದೊಂದನ್ನೂ ಹೀಗೆ ಒಡೆಯಿರಿ: ಯಾರಿಗೆ ಅನ್ವಯ, ಏನು ಮಾಡಬೇಕು, ಎಷ್ಟು ದಿನದೊಳಗೆ, ಮಾಡದಿದ್ದರೆ ಏನು, ಯಾರಿಗೆ ವಿನಾಯಿತಿ. ಕೊನೆಯದನ್ನು ಪ್ರಾವಿಸೋ (ಸೆಕ್ಷನ್ನಿಗೆ ಅಂಟಿಸಿದ ‘ಆದರೆ’ ವಾಕ್ಯ) ಹೊತ್ತಿರುತ್ತದೆ, ವಿದ್ಯಾರ್ಥಿಗಳು ಬಿಟ್ಟು ಓದುವುದೂ ಅದನ್ನೇ. ಸಾರ್ವಜನಿಕ ಕಂಪನಿಯ ಉಪಕಂಪನಿ ತನ್ನ ಆರ್ಟಿಕಲ್ಸ್‌ನಲ್ಲಿ (ಕಂಪನಿಯ ಒಳ ನಿಯಮಾವಳಿ) ಖಾಸಗಿ ಎಂದೇ ಉಳಿದರೂ ಕಾನೂನಿನ ಕಣ್ಣಿಗೆ ಸಾರ್ವಜನಿಕ ಎಂಬ ಮಾತು ಸೆಕ್ಷನ್ 2(71)ರ ಪ್ರಾವಿಸೋದಲ್ಲಿದೆ, ಮುಖ್ಯ ವಾಕ್ಯದಲ್ಲಿ ಇಲ್ಲ.

ಝೆರಾಕ್ಸ್ ಅಂಗಡಿಯ ಹಳೆಯ ನೋಟ್ಸಿನ ಬಗ್ಗೆ ಎಚ್ಚರ. ಖಾಸಗಿ ಕಂಪನಿಗೆ ಕನಿಷ್ಠ ಬಂಡವಾಳ 1 ಲಕ್ಷ, ಸಾರ್ವಜನಿಕಕ್ಕೆ 5 ಲಕ್ಷ ಎಂದಿದ್ದರೆ ಆ ನೋಟ್ಸು 2015ಕ್ಕಿಂತ ಹಳೆಯದು. ಆ ವರ್ಷದ ತಿದ್ದುಪಡಿ ಅದನ್ನೂ ಕಡ್ಡಾಯ ಮೊಹರನ್ನೂ ತೆಗೆದುಹಾಕಿತು. ‘ಕಂಪನಿ ಲಾ ಬೋರ್ಡ್’ ಎಂದಿದ್ದರೆ 2016ರ ಜೂನ್ 1ಕ್ಕಿಂತ ಹಿಂದಿನದು. ಆ ದಿನದಿಂದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಕೆಲಸ ಶುರುಮಾಡಿತು. ದಬ್ಬಾಳಿಕೆ ಮತ್ತು ದುರಾಡಳಿತಕ್ಕೆ 397, 398 ಎಂದಿದ್ದರೆ ಅದು 1956ರ ಕಾಯ್ದೆಯ ಪಳೆಯುಳಿಕೆ. ಈಗ 241, 242. ಏಕವ್ಯಕ್ತಿ ಕಂಪನಿ 50 ಲಕ್ಷ ಬಂಡವಾಳ ದಾಟಿದರೆ ರೂಪ ಬದಲಿಸಲೇಬೇಕು ಎಂದಿದ್ದರೆ 2021ರ ಏಪ್ರಿಲ್‌ಗಿಂತ ಮುಂಚಿನದು. ಈ ನಾಲ್ಕನ್ನು ನೋಡಿದರೆ ನೋಟ್ಸಿನ ವಯಸ್ಸು ಗೊತ್ತಾಗುತ್ತದೆ, ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಿದ ಹಾಗೆ.

ಕನ್ನಡದಲ್ಲಿ ಬರೆಯುವವರು ಪದ ಆರಿಸುವ ಬಗೆ

‘ಸಂಸ್ಥೆ’ ಎಂಬ ಪದವನ್ನು ಉತ್ತರ ಪತ್ರಿಕೆಯಿಂದ ಪೂರ್ತಿ ಹೊರಗಿಡಿ. ಮಾತಿನಲ್ಲಿ ಫರ್ಮು, ಕಂಪನಿ, ಟ್ರಸ್ಟು, ಸಂಘ ಎಲ್ಲಕ್ಕೂ ಅದೇ ಪದ ನಡೆಯುತ್ತದೆ. ಈ ವಿಷಯವಿರುವುದೇ ಅವನ್ನು ಬೇರ್ಪಡಿಸಲು. ‘ಪಾಲುದಾರ’ ಫರ್ಮಿಗೆ, ‘ಷೇರುದಾರ’ ಅಥವಾ ‘ಸದಸ್ಯ’ ಕಂಪನಿಗೆ. ‘ಪ್ರಕರಣ’ ಬಲು ತಂಟೆಯ ಪದ: ರಾಜ್ಯದ ಕಾಯ್ದೆಗಳ ಕನ್ನಡ ಪಾಠದಲ್ಲಿ ಅದು ಸೆಕ್ಷನ್, ದಿನಪತ್ರಿಕೆಯಲ್ಲಿ ಅದು ಕೇಸು. ‘ಪ್ರಕರಣ 9’ ಎಂದು ಬರೆದರೆ ಮೌಲ್ಯಮಾಪಕರು ಎರಡು ಸಲ ಓದಬೇಕಾಗುತ್ತದೆ. ಸೆಕ್ಷನ್ ಅಥವಾ ಕಲಂ ಎನ್ನಿ, ಕೇಸಿಗೆ ಮೊಕದ್ದಮೆ ಎನ್ನಿ. ಮೆಮೊರಾಂಡಮ್, ಆರ್ಟಿಕಲ್ಸ್, ಪ್ರಾಸ್ಪೆಕ್ಟಸ್, ಡಿಬೆಂಚರ್‌ಗಳಿಗೆ ಹೊಸ ಕನ್ನಡ ಕಟ್ಟುವ ಸಾಹಸ ಪರೀಕ್ಷೆಯಲ್ಲಿ ಬೇಡ.

ಒಂದೇ ಮಿಲ್ಲನ್ನು ಎಲ್ಲ ರೂಪಕ್ಕೂ ಹಾಯಿಸಿ

ವ್ಯವಹಾರ ರೂಪಗಳ ವ್ಯತ್ಯಾಸವನ್ನು ಕೋಷ್ಟಕ ಮಾಡಿ ಉರು ಹೊಡೆದರೆ ಎರಡು ದಿನ ನಿಲ್ಲುತ್ತದೆ. ಅದರ ಬದಲು ಒಂದು ಶೇಂಗಾ ಎಣ್ಣೆ ಮಿಲ್ಲು ಇದೆ ಎಂದುಕೊಳ್ಳಿ. ಗೋದಾಮಿನಲ್ಲಿ 40 ಲಕ್ಷದ ಶೇಂಗಾ, ರೈತರಿಗೆ ಕೊಡಬೇಕಾದ ಬಾಕಿ 60 ಲಕ್ಷ. ಮಿಲ್ಲು ನಿಂತುಹೋಯಿತು. ಶೇಂಗಾ ಮಾರಿದರೂ ಉಳಿಯುವ 20 ಲಕ್ಷ ಯಾರು ಕೊಡಬೇಕು?

ಒಬ್ಬನದೇ ವ್ಯಾಪಾರವಾದರೆ ಅವನು. ಮನೆ, ಹೊಲ ಎಲ್ಲ ಸಾಲಕ್ಕೆ ಸಿಗುತ್ತದೆ. ಅವಿಭಕ್ತ ಕುಟುಂಬದ್ದಾದರೆ ಕರ್ತನ, ಅಂದರೆ ಕುಟುಂಬದ ಯಜಮಾನನ, ಸ್ವಂತ ಆಸ್ತಿಯೂ ಹೋಗಬಹುದು, ಉಳಿದ ಸದಸ್ಯರದ್ದು ಕುಟುಂಬದ ಆಸ್ತಿಯಲ್ಲಿರುವ ಪಾಲಿನಷ್ಟು ಮಾತ್ರ. ಮೂವರ ಪಾಲುದಾರಿಕೆಯಾದರೆ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 25 ಬರುತ್ತದೆ: ಮೂವರೂ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆ. ರೈತ ಮೂವರಲ್ಲಿ ಆಸ್ತಿ ಇರುವ ಒಬ್ಬನನ್ನೇ ಹಿಡಿದು ಪೂರ್ತಿ 20 ಲಕ್ಷ ಕೇಳಬಹುದು. ‘ನನ್ನ ಪಾಲು ಮೂರನೇ ಒಂದು’ ಎಂಬ ಮಾತು ಪಾಲುದಾರರ ನಡುವೆ ನಡೆಯುತ್ತದೆ, ರೈತನ ಎದುರು ನಡೆಯುವುದಿಲ್ಲ.

ಇದೇ ಮಿಲ್ಲು ನೋಂದಣಿಯಾಗದ ಫರ್ಮಾಗಿದ್ದು, ಎಣ್ಣೆ ಕೊಂಡ ವ್ಯಾಪಾರಿ 5 ಲಕ್ಷ ಕೊಡದೆ ಕೂತರೆ? ಸೆಕ್ಷನ್ 69ರಿಂದಾಗಿ ಫರ್ಮು ಕರಾರಿನ ಹಕ್ಕಿಗಾಗಿ ಅವನ ಮೇಲೆ ದಾವೆ ಹೂಡುವಂತಿಲ್ಲ. ಅವನು ಫರ್ಮಿನ ಮೇಲೆ ಹೂಡಬಹುದು. ‘ನೋಂದಣಿಯಾಗದ ಫರ್ಮು ಅಕ್ರಮ’ ಎಂದು ಬರೆಯುವುದು ಪ್ರತಿ ವರ್ಷ ಕಾಣುವ ತಪ್ಪು. ಫರ್ಮು ಸಕ್ರಮವೇ, ಕೋರ್ಟಿನ ಬಾಗಿಲು ಮಾತ್ರ ಅರ್ಧ ಮುಚ್ಚಿದೆ. ಫರ್ಮು ವಿಸರ್ಜಿಸಿ ಲೆಕ್ಕ ಕೇಳಲು ಪಾಲುದಾರನಿಗೆ ಆಗಲೂ ಅವಕಾಶವಿದೆ.

ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ, 2008ರ ಕಾಯ್ದೆಯಂತೆ ಅದು ತಾನೇ ಒಂದು ಕಾನೂನು ವ್ಯಕ್ತಿ. ಸ್ವತ್ತು ಅದರದು, ಸಾಲ ಅದರದು. ಪಾಲುದಾರ ಎಲ್‌ಎಲ್‌ಪಿಯ ಏಜೆಂಟ್, ಇತರ ಪಾಲುದಾರರ ಏಜೆಂಟ್ ಅಲ್ಲ. ಮೋಸ ನಡೆದಿದ್ದರೆ ಸೆಕ್ಷನ್ 30 ಮಿತಿಯನ್ನು ಕಿತ್ತುಹಾಕುತ್ತದೆ. ಕರಾರು ಬರೆಯದೆ ಬಿಟ್ಟರೆ ಮೊದಲ ಅನುಸೂಚಿ ಜಾರಿಗೆ ಬರುತ್ತದೆ: ಒಬ್ಬ 9 ಲಕ್ಷ ಹಾಕಿ ಇನ್ನೊಬ್ಬ 1 ಲಕ್ಷ ಹಾಕಿದ್ದರೂ ಲಾಭ ಸಮಪಾಲು. ಸಮಸ್ಯೆ ಕೊಡುವವರಿಗೆ ಇದು ಇಷ್ಟದ ಅಂಶ.

ಖಾಸಗಿ ಕಂಪನಿಯಾದರೆ ಕನಿಷ್ಠ 2, ಗರಿಷ್ಠ 200 ಸದಸ್ಯರು. ಹಾಲಿ ನೌಕರರನ್ನು, ನೌಕರಿಯಲ್ಲಿದ್ದಾಗ ಸದಸ್ಯರಾಗಿ ಹಾಗೇ ಮುಂದುವರಿದ ಮಾಜಿಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾರ್ವಜನಿಕಕ್ಕೆ ಕನಿಷ್ಠ 7, ಗರಿಷ್ಠ ಇಲ್ಲ. ಷೇರಿನ ಹಣ ಪೂರ್ತಿ ಕಟ್ಟಿದ ಷೇರುದಾರ ಮುಂದೆ ಒಂದು ರೂಪಾಯಿ ಕೊಡಬೇಕಿಲ್ಲ. 20 ಲಕ್ಷ ರೈತರಿಗೆ ಸಿಗದೇ ಹೋಗಬಹುದು. ಕೇಳಲು ಕಹಿ, ಆದರೆ ಕಾನೂನು ಅದೇ. ಬ್ಯಾಂಕು ಮಾತ್ರ ಹೀಗೆ ಸಿಕ್ಕಿಬೀಳುವುದಿಲ್ಲ, ಸಾಲ ಕೊಡುವಾಗಲೇ ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಂಡಿರುತ್ತದೆ. ಆಗ ನಿರ್ದೇಶಕ ಹೊಣೆಯಾಗುವುದು ಜಾಮೀನುದಾರನಾಗಿ, ಕರಾರು ಕಾಯ್ದೆಯ ಸೆಕ್ಷನ್ 128ರಡಿ. ನಿರ್ದೇಶಕ ಎಂಬ ಕಾರಣಕ್ಕೆ ಅಲ್ಲ. ಈ ಒಂದು ಗೆರೆ ಸರಿಯಾಗಿ ಎಳೆದವರ ಉತ್ತರ ಎದ್ದು ಕಾಣುತ್ತದೆ.

ರೈತರೇ ಸೇರಿ ಮಿಲ್ಲು ನಡೆಸಿದರೆ ಉತ್ಪಾದಕ ಕಂಪನಿ. ಮೆಕ್ಕೆಜೋಳ, ಶೇಂಗಾದ ಈ ಸೀಮೆಯಲ್ಲಿ ಓದುವವರು ಇದನ್ನು ಬಿಡಬಾರದು. ಹಳೆಯ ಕಾಯ್ದೆಯ ಈ ಭಾಗವನ್ನು 2020ರ ತಿದ್ದುಪಡಿ 2013ರ ಕಾಯ್ದೆಯೊಳಗೆ 378ಎ ಸೆಕ್ಷನ್‌ನಿಂದ ಶುರುವಾಗುವ ಹೊಸ ಅಧ್ಯಾಯವಾಗಿ ತಂದಿತು. ಕನಿಷ್ಠ 10 ಉತ್ಪಾದಕರು, ಅಥವಾ ಎರಡು ಉತ್ಪಾದಕ ಸಂಸ್ಥೆಗಳು (ಇಲ್ಲಿ ಮಾತ್ರ ಆ ಪದ ಅನಿವಾರ್ಯ). ನಿರ್ದೇಶಕರು 5ರಿಂದ 15. ಸದಸ್ಯರೆಲ್ಲ ಬಿಡಿ ರೈತರಾಗಿದ್ದರೆ ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ. ಮೈ ಕಂಪನಿಯದು, ಮನಸ್ಸು ಸಹಕಾರ ಸಂಘದ್ದು.

ತೀರ್ಪುಗಳನ್ನು ಜೋಡಿ ಮಾಡಿ ಓದಿ

ಎಲ್ಲದಕ್ಕೂ ತಾಯಿಬೇರು 1897ರ ಸಾಲೊಮನ್ ಮೊಕದ್ದಮೆ. ಚರ್ಮದ ಬೂಟು ವ್ಯಾಪಾರಿ ತನ್ನ ವ್ಯವಹಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. 20,007 ಷೇರಿನಲ್ಲಿ 20,001 ಅವನವು, ಉಳಿದ ಆರು ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳ ಹೆಸರಿಗೆ ಒಂದೊಂದು. ಮಾರಿದ ಬೆಲೆಯಲ್ಲಿ 10,000 ಪೌಂಡಿಗೆ ಡಿಬೆಂಚರ್, ಅಂದರೆ ಕಂಪನಿಯ ಆಸ್ತಿಯ ಭದ್ರತೆಯುಳ್ಳ ಸಾಲಪತ್ರ, ಪಡೆದ. ಕಂಪನಿ ಮುಳುಗಿದಾಗ ಆ ಡಿಬೆಂಚರಿಗೇ ಮೊದಲ ಹಕ್ಕು, ಭದ್ರತೆಯಿಲ್ಲದೆ ಸಾಲ ಕೊಟ್ಟವರಿಗೆ ಕೈ ಖಾಲಿ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ಉತ್ತರದಲ್ಲಿ ‘ಕಂಪನಿ ಪ್ರತ್ಯೇಕ ವ್ಯಕ್ತಿ’ ಎಂದಷ್ಟೇ ಬರೆದರೆ ಅರ್ಧ. ಏಳು ಜನ ಯಾಕೆ ಬೇಕಾಗಿತ್ತು (1862ರ ಕಾಯ್ದೆಯ ಕನಿಷ್ಠ ಸಂಖ್ಯೆ), ಒಬ್ಬನೇ ಮಾಲೀಕನೂ ಸಾಲ ಕೊಟ್ಟವನೂ ಹೇಗಾದ ಎಂಬುದು ಬಂದರೆ ಪೂರ್ತಿ.

ಇದರ ಪಕ್ಕಕ್ಕೆ ಮ್ಯಾಕೋರಾ (1925), ಲೀ (1961) ಮತ್ತು ನಮ್ಮ ಸುಪ್ರೀಂ ಕೋರ್ಟಿನ ಬಚಾ ಗುಜ್ದಾರ್ (1955) ಇಡಿ. ಗುಜ್ದಾರ್‌ನಲ್ಲಿ ಚಹಾ ಕಂಪನಿಯ ಲಾಭಾಂಶವನ್ನು ಕೃಷಿ ಆದಾಯ ಎನ್ನಲಾಗದು, ಏಕೆಂದರೆ ತೋಟ ಕಂಪನಿಯದು, ಷೇರುದಾರರದ್ದಲ್ಲ ಎಂದು ತೀರ್ಮಾನವಾಯಿತು. ಎದುರು ಪಕ್ಕದಲ್ಲಿ ಕಂಪನಿಯೆಂಬ ಮುಸುಕು ಸರಿಸಿ ಹಿಂದಿರುವ ಜನರನ್ನು ನೋಡಿದ ಮೊಕದ್ದಮೆಗಳು: ಡೈಮ್ಲರ್ (1916), ದಿನ್ಶಾ ಪೆಟಿಟ್ (1927), ಗಿಲ್ಫರ್ಡ್ ಮೋಟರ್ (1933). ಶತ್ರು ದೇಶದವರ ಹಿಡಿತ, ತೆರಿಗೆ ತಪ್ಪಿಸುವುದು, ಒಪ್ಪಂದದಿಂದ ನುಣುಚಿಕೊಳ್ಳುವುದು, ಹೀಗೆ ಕಾರಣದ ಜೊತೆಗೇ ಹೆಸರು ನೆನಪಿಡಿ. ವರ್ಷ ಮರೆತರೆ ಚಿಂತೆಯಿಲ್ಲ, ತಪ್ಪು ವರ್ಷ ಬರೆಯುವುದಕ್ಕಿಂತ ಬಿಡುವುದೇ ವಾಸಿ.

ಲೆಕ್ಕ ಮಾಡಲೇಬೇಕಾದ ಎರಡು ಕಡೆ

ಸಾಮಾನ್ಯ ಸಭೆಗೆ 21 ‘ಸ್ಪಷ್ಟ’ ದಿನಗಳ ನೋಟಿಸು (ಸೆಕ್ಷನ್ 101). ನೋಟಿಸು ಮುಟ್ಟಿದ ದಿನವನ್ನೂ ಸಭೆಯ ದಿನವನ್ನೂ ಎಣಿಸಬಾರದು. ಸಭೆ ಸೆಪ್ಟೆಂಬರ್ 30ಕ್ಕೆ ಇದ್ದರೆ 9ರಿಂದ 29ರವರೆಗೆ 21 ದಿನ. ಹಾಗಾಗಿ 8ರೊಳಗೆ ಮುಟ್ಟಬೇಕು. ಅಂಚೆಯಲ್ಲಿ ಹಾಕಿದರೆ 48 ಗಂಟೆ ಆದ ಮೇಲೆ ಮುಟ್ಟಿತು ಎಂದು ಲೆಕ್ಕ. ಆಗ ಅಂಚೆಗೆ 6ರೊಳಗೆ ಬೀಳಬೇಕು. ಸೆಪ್ಟೆಂಬರ್ 9ಕ್ಕೆ ಅಂಚೆಗೆ ಹಾಕಿ ‘21 ದಿನ ಆಯಿತಲ್ಲ’ ಎನ್ನುವ ಕಾರ್ಯದರ್ಶಿಯ ಸಭೆ ಪ್ರಶ್ನೆಪತ್ರಿಕೆಗೆ ಬರುತ್ತದೆ. ಖಾಸಗಿ ಕಂಪನಿಯ ಆರ್ಟಿಕಲ್ಸ್ ಬೇರೆ ಹೇಳಬಹುದು ಎಂಬ ವಿನಾಯಿತಿಯನ್ನೂ ಒಂದು ಸಾಲು ಸೇರಿಸಿ.

ವಿಶೇಷ ನಿರ್ಣಯ (ಸೆಕ್ಷನ್ 114) ಎಂದರೆ ಪರ ಮತ ವಿರುದ್ಧ ಮತದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು. 100 ಸದಸ್ಯರಲ್ಲಿ 40 ಜನ ಕೈಯೆತ್ತಿ ಮತ ಹಾಕಿದರು: 30 ಪರ, 10 ವಿರುದ್ಧ, ಪಾಸಾಯಿತು. 29–11 ಆದರೆ ಬಿತ್ತು. ಸುಮ್ಮನೆ ಕೂತವರು ಲೆಕ್ಕಕ್ಕೆ ಇಲ್ಲ. ‘ಒಟ್ಟು ಸದಸ್ಯರ ನಾಲ್ಕರಲ್ಲಿ ಮೂರು ಪಾಲು’ ಎಂದು ಬರೆದರೆ 75 ಜನ ಬೇಕಾಗುತ್ತದೆ, ಅದು ತಪ್ಪು. ಪೋಲ್ ಕೇಳಿದರೆ ತಲೆ ಎಣಿಸುವುದಿಲ್ಲ, ಷೇರು ಎಣಿಸುತ್ತಾರೆ.

ಗಡುವುಗಳನ್ನು ಒಟ್ಟಿಗೆ ಓದಿದರೆ ಕಲಸಿಹೋಗುತ್ತವೆ. ಕಂಪನಿ ಹುಟ್ಟಿದ ದಿನದಿಂದ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ: 30 ದಿನದೊಳಗೆ ನೋಂದಾಯಿತ ಕಚೇರಿ, ಮೊದಲ ಆಡಳಿತ ಮಂಡಳಿ ಸಭೆ, ಮೊದಲ ಲೆಕ್ಕಪರಿಶೋಧಕರ ನೇಮಕ, 180 ದಿನದೊಳಗೆ ವ್ಯವಹಾರ ಆರಂಭದ ಘೋಷಣೆ (ಸೆಕ್ಷನ್ 10ಎ), ಮೊದಲ ಹಣಕಾಸು ವರ್ಷ ಮುಗಿದ 9 ತಿಂಗಳೊಳಗೆ ಮೊದಲ ವಾರ್ಷಿಕ ಸಭೆ.

ಸಮಸ್ಯೆಗೆ ಉತ್ತರ ಬರೆಯುವ ಕ್ರಮ

ಹೀಗೊಂದು ಪ್ರಶ್ನೆ: ಮಿಲ್ಲಿನವನೊಬ್ಬ ತನ್ನ ವ್ಯಾಪಾರವನ್ನು ಖಾಸಗಿ ಕಂಪನಿಗೆ ವರ್ಗಾಯಿಸಿದ. 10,000 ಷೇರಿನಲ್ಲಿ 9,999 ಅವನವು, ಒಂದು ಹೆಂಡತಿಯದು. ಗೋದಾಮಿನ ಶೇಂಗಾಕ್ಕೆ ವಿಮೆ ಮಾತ್ರ ಹಳೆಯಂತೆ ಅವನ ಸ್ವಂತ ಹೆಸರಲ್ಲೇ ಉಳಿಯಿತು. ಬೆಂಕಿ ಬಿತ್ತು. ವಿಮೆ ಸಿಗುತ್ತದೆಯೇ?

ಮೊದಲ ಸಾಲಿನಲ್ಲೇ ವಿವಾದದ ಅಂಶ ಬರೆಯಿರಿ: ಕಂಪನಿಯ ಸರಕಿನಲ್ಲಿ ಷೇರುದಾರನಿಗೆ ವಿಮೆ ಮಾಡಿಸುವಷ್ಟು ಹಿತಾಸಕ್ತಿ ಇದೆಯೇ? ಎರಡನೆಯದು ಕಾನೂನು: ಸೆಕ್ಷನ್ 9, ನೋಂದಣಿಯಿಂದ ಕಂಪನಿ ಸ್ವತ್ತು ಹೊಂದಬಲ್ಲ ಪ್ರತ್ಯೇಕ ವ್ಯಕ್ತಿ, ಸಾಲೊಮನ್, ಗುಜ್ದಾರ್. ಮೂರನೆಯದು ಅನ್ವಯ, ಅಂಕ ಇರುವುದು ಇಲ್ಲೇ: ಶೇಂಗಾ ಕಂಪನಿಗೆ ವರ್ಗವಾದ ಗಳಿಗೆಯಿಂದ ಅದು ಕಂಪನಿಯ ಸ್ವತ್ತು, 9,999 ಷೇರಿದ್ದರೂ ಅವನ ಕೈಯಲ್ಲಿರುವುದು ಷೇರು, ಶೇಂಗಾ ಅಲ್ಲ, ಮ್ಯಾಕೋರಾದಲ್ಲಿ ಮರದ ದಿಮ್ಮಿಗಳಿಗೆ ಆದದ್ದೂ ಇದೇ. ಕೊನೆಗೆ ತೀರ್ಮಾನ ಒಂದೇ ಸಾಲು: ಸಿಗುವುದಿಲ್ಲ. ಹೆಚ್ಚಿನವರು ಸಾಲೊಮನ್ ಕಥೆಯನ್ನೇ ಎರಡು ಪುಟ ಬರೆದು, ಮಿಲ್ಲಿನ ಹೆಸರೆತ್ತದೆ ‘ಆದ್ದರಿಂದ ಸಿಗುವುದಿಲ್ಲ’ ಎಂದು ಮುಗಿಸುತ್ತಾರೆ. ಕಥೆ ನಾಲ್ಕು ಸಾಲಿಗೆ ಇಳಿಸಿ, ಅನ್ವಯವನ್ನು ಅರ್ಧ ಪುಟಕ್ಕೆ ಏರಿಸಿ.

ದಾವೆ ಎಲ್ಲಿ ಎಂಬ ಉಪಪ್ರಶ್ನೆ ಬಂದರೆ ಗಡಿಬಿಡಿ ಬೇಡ. ವಿಮೆ ಹಣದ್ದು ಕಂಪನಿ ನ್ಯಾಯಮಂಡಳಿಯ ವಿಷಯವಲ್ಲ. ಆದರೆ ಅದೇ ಕಂಪನಿಯ ಅಲ್ಪಸಂಖ್ಯಾತ ಷೇರುದಾರರು ದಬ್ಬಾಳಿಕೆಯ ದೂರು ಕೊಡುವುದಾದರೆ ದಾವಣಗೆರೆಯ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ, ಸೆಕ್ಷನ್ 430 ತಡೆಯುತ್ತದೆ. ಬೆಂಗಳೂರಿನ ನ್ಯಾಯಮಂಡಳಿ ಪೀಠಕ್ಕೇ ಹೋಗಬೇಕು.

ಪರೀಕ್ಷೆಗೆ ಒಂದು ವಾರ ಇರುವಾಗ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ರೂಪಾಯಿ ಮಿತಿಗಳನ್ನು ಮತ್ತೆ ನೋಡಿ. ‘ಸಣ್ಣ ಕಂಪನಿ’ಯ ಬಂಡವಾಳ ಮತ್ತು ವಹಿವಾಟಿನ ಮಿತಿ 2021ರಲ್ಲಿ 2 ಕೋಟಿ, 20 ಕೋಟಿ ಆಯಿತು, 2022ರ ಸೆಪ್ಟೆಂಬರಿನಲ್ಲಿ 4 ಕೋಟಿ, 40 ಕೋಟಿ, 2025ರ ಡಿಸೆಂಬರಿನಲ್ಲಿ 10 ಕೋಟಿ, 100 ಕೋಟಿ. ಇಂಥವು ಅಧಿಸೂಚನೆಯಿಂದ ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಉತ್ತರದಲ್ಲಿ ಮಿತಿಯ ಪಕ್ಕದಲ್ಲೇ ಯಾವ ವರ್ಷದ ಅಧಿಸೂಚನೆ ಎಂದು ಬರೆಯಿರಿ.